ನೇತ್ರಾಣಿಯ ಕ್ಷೇತ್ರಾಧ್ಯಯನವೂ ಟಿಪ್ಪಣಿಪುಸ್ತಕದ ಪ್ರಶ್ನೆಯೂ

ಕುಮಟಾ ತಾಲೂಕಿನ ಬಾಡದಲ್ಲಿ, ಕಡಲು ಇಳಿದ ಹೊತ್ತಿನಲ್ಲಿ, ಮರಳಿನೊಳಗಿನ ಚಿಪ್ಪುಜೀವಿಗಳನ್ನು ಎಣಿಸುತ್ತಿದ್ದ ಒಂದು ಕಾಲೇಜಿನ ವಿದ್ಯಾರ್ಥಿಗಳನ್ನು ನಾವು ಕಂಡೆವು. ನೇತ್ರಾಣಿ ದ್ವೀಪವನ್ನೂ ನೋಡಿಬಂದಿದ್ದ ಅವರ ಕ್ಷೇತ್ರಾಧ್ಯಯನ ಅಂದಿಗೆ ಮುಗಿದಿತ್ತು. ಸೀಸೆಗಳು ಪೆಟ್ಟಿಗೆಯನ್ನು ಸೇರಿದುವು. ಟಿಪ್ಪಣಿಪುಸ್ತಕಗಳು ಅವರವರ ಚೀಲಗಳಲ್ಲಿಯೇ ಉಳಿದುವು. ಪರೀಕ್ಷೆ ಮುಗಿದ ಬಳಿಕ ಅವು ಏನಾಗುತ್ತವೆ ಎಂದು ಕೇಳಿದೆವು. ಉತ್ತರ ಬರಲಿಲ್ಲ. ಇತಿಹಾಸದ ಅಧ್ಯಾಪಕರಾದ ನಮಗೆ ಈ ಲೇಖನ ಬರೆಯಲು ಪ್ರೇರಣೆಯಾದುದು ಆ ಮೌನವೇ.

ಸಂಶೋಧನೆಯ ಫಲವನ್ನು ಕ್ರಮವಾಗಿ ಪ್ರಕಟಿಸಿದ ಕಡೆ ಇಂಥ ತೊಡಕಿಲ್ಲ. ಮನ್ನಾರ್ ಕೊಲ್ಲಿಯ ಕ್ರುಸಡೈ ದ್ವೀಪದ ತೀರಪ್ರಾಣಿಗಳ ವಿವರವನ್ನು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವು 1927ರಲ್ಲಿ ಅಚ್ಚು ಹಾಕಿಸಿತು. ಇಂದಿನ ಸಂಶೋಧಕನು ತನ್ನ ಎಣಿಕೆಯನ್ನು ಅದರೊಡನೆ ಹೋಲಿಸಬಲ್ಲನು. ನಮ್ಮ ಕರಾವಳಿಯ ಸ್ಥಿತಿ ಬೇರೆ. ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿರುವುದು ಕಾರವಾರದ ಕೋಡಿಬಾಗದಲ್ಲಿ, ಎಂದರೆ ನೆಲದ ಮೇಲೆ. ನೇತ್ರಾಣಿಯಾದರೋ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರ ಕಡಲಿನಲ್ಲಿದೆ. ಜನವಸತಿಯಿಲ್ಲದ ಆ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಅಂದೇ ಹಿಂದಿರುಗಬೇಕು. ಮಳೆಗಾಲದಲ್ಲಿ ಅದೂ ಸಾಧ್ಯವಿಲ್ಲ. ಹೀಗೆ ಬಿಡಿಬಿಡಿಯಾದ ದಿನಗಳನ್ನು ಕೂಡಿಸಿಯೇ ಅದರ ಚರಿತ್ರೆಯನ್ನು ರಚಿಸಬೇಕಾಗಿದೆ.

ಅಂಥ ಚರಿತ್ರೆಗೆ ಆಧಾರಗಳು ಇಲ್ಲದಿಲ್ಲ. ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನೆಂದು ಮಾತ್ರ ನಮ್ಮ ವಿದ್ಯಾರ್ಥಿಗಳು ಬಲ್ಲ ಹ್ಯೂಮನು ಪಕ್ಷಿಶಾಸ್ತ್ರಜ್ಞನೂ ಆಗಿದ್ದನು. ಪಶ್ಚಿಮ ಕರಾವಳಿಯ ದ್ವೀಪಗಳ ಹಕ್ಕಿಗಳನ್ನು ಕುರಿತು ತಾನೇ ನಡೆಸುತ್ತಿದ್ದ 'ಸ್ಟ್ರೇ ಫೆದರ್ಸ್' ಪತ್ರಿಕೆಯಲ್ಲಿ 1876ರಲ್ಲಿ ಬರೆದನು. 1883ರ ಕೆನರಾ ಗೆಜೆಟಿಯರು ಪಾರಿವಾಳದ ದ್ವೀಪವೆಂಬ ಇಂಗ್ಲಿಷ್ ಹೆಸರಿನಿಂದ ನೇತ್ರಾಣಿಯನ್ನು ವರ್ಣಿಸುತ್ತದೆ. ಬೆಸ್ತರು ಜಟ್ಟಿಗನಿಗೆ ಹರಕೆಯಾಗಿ ಅಲ್ಲಿ ಆಡುಗಳನ್ನು ಬಿಟ್ಟುಬರುವ ವಾಡಿಕೆಯುಂಟು. ಗಿಡಗಂಟಿಗಳನ್ನು ಅಭ್ಯಸಿಸುವವನು ಈ ಹರಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೌಕಾಪಡೆಯು ದ್ವೀಪವನ್ನು ಗುಂಡಿನ ಗುರಿಯಾಗಿ ಬಳಸಿಕೊಂಡುದೂ ಉಂಟು. ಸುತ್ತಲಿನ ನೀರಿನಲ್ಲಿ ಹವಳಗಳಿವೆ. ನೀರು ಹೆಚ್ಚು ಬೆಚ್ಚಗಾದರೆ ಹವಳದ ಹುಳುವು ತನ್ನೊಡಲಿನಲ್ಲಿ ವಾಸಿಸುವ ಸೂಕ್ಷ್ಮ ಪಾಚಿಯನ್ನು ಹೊರಗೆಡಹಿ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಭಾರತದ ಕಡಲುಗಳಲ್ಲಿಯೂ ಇದು ಸಂಭವಿಸಿತು. ಒಂದು ಬಂಡೆಯ ಹವಳ ಬಿಳಿಚಿತೆಂದು ಹೇಳಬೇಕಾದರೆ, ಹಿಂದೆ ಅದೇ ಬಂಡೆಯನ್ನು ಕಂಡವನು ಅದರ ಬಣ್ಣವನ್ನು ಬರೆದಿಟ್ಟಿರಬೇಕಷ್ಟೆ.

ಮೂಲಸ್ಥಾನದಿಂದ ಕಿತ್ತು ತಂದ ಶಾಸನವು ಎಷ್ಟೋ ಸಂಗತಿಗಳನ್ನು ಹೇಳಲಾರದು. ಸ್ಥಳ, ದಿನಾಂಕಗಳಿಲ್ಲದ ಚಿಪ್ಪೂ ಹಾಗೆಯೇ. ಕಡಲಿನ ವಿಷಯದಲ್ಲಿ ಗಳಿಗೆಯೂ ಬೇಕು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಬಹುದೂರ ಹಿಂದೆ ಸರಿಯುವುದರಿಂದ, ಅಷ್ಟಮಿಯಂದು ಕಾಣದ ಜೀವಿಗಳು ಆಗ ಕಾಣಸಿಗುತ್ತವೆ. ಇದನ್ನು ಅರಿಯದವನು ಎರಡು ದಿನಗಳ ಎಣಿಕೆಯನ್ನು ಹೋಲಿಸಿ, ಜೀವಿಗಳು ಹೆಚ್ಚಿದುವೆಂದೋ ಅಳಿದುವೆಂದೋ ತಪ್ಪಾಗಿ ಬರೆದಾನು.

ಆದುದರಿಂದ ಪ್ರತಿಯೊಂದು ವಿಭಾಗವೂ ರಟ್ಟು ಕಟ್ಟಿದ ಒಂದು ದಾಖಲೆಪುಸ್ತಕವನ್ನಿಟ್ಟು, ಕ್ಷೇತ್ರಾಧ್ಯಯನ ಮುಗಿದ ವಾರದೊಳಗೆ ವಿದ್ಯಾರ್ಥಿಗಳಿಂದಲೇ ಟಿಪ್ಪಣಿಗಳನ್ನು ಅದರಲ್ಲಿ ನಕಲು ಮಾಡಿಸಬೇಕೆಂದು ನಮ್ಮ ಸೂಚನೆ. ಬೆಸ್ತರು ಹೇಳಿದ ಮೀನಿನ ಹೆಸರುಗಳನ್ನೂ ಅವರ ಉಚ್ಚಾರಣೆಯಂತೆಯೇ ಬರೆಯಿಸುವುದು ಒಳ್ಳೆಯದು. ಬಾಡದಲ್ಲಿ ಒಬ್ಬ ವಿದ್ಯಾರ್ಥಿನಿ ತನ್ನ ಪುಸ್ತಕವನ್ನು ನಮಗೆ ಓದಲು ಕೊಟ್ಟಳು. ಅಕ್ಷರ ಅಚ್ಚುಕಟ್ಟಾಗಿತ್ತು, ಎಣಿಕೆ ಸ್ಪಷ್ಟವಾಗಿತ್ತು. ಮೂರನೆಯ ದಿನದ ಪುಟದಲ್ಲಿ ವೇಳೆಯ ಎದುರು 'ಬೆಳಿಗ್ಗೆ' ಎಂದಷ್ಟೇ ಇತ್ತು. ನಾವು ತೋರಿಸಿದೊಡನೆ ಅವಳು ಜೊತೆಯವರನ್ನು ವಿಚಾರಿಸಿ, 'ಏಳು ಗಂಟೆ ಇಪ್ಪತ್ತು ನಿಮಿಷ' ಎಂದು ಅಂಚಿನಲ್ಲಿ ಬರೆದುಕೊಂಡಳು.