ಗಿಲ್ಯಾದ್: ಲೇಪ ಕೊಟ್ಟ ನಾಡು, ಆಶ್ರಯ ಕೊಟ್ಟ ನಾಡು

ತನ್ನ ಜನರ ಗಾಯ ಇನ್ನೂ ಏಕೆ ಮಾಯಲಿಲ್ಲ ಎಂದು ಕೊರಗುವ ಪ್ರವಾದಿ ಯೆರೆಮೀಯ, ಗಿಲ್ಯಾದಿನಲ್ಲಿ ಲೇಪವೇ ಮುಗಿದುಹೋಯಿತೇ, ವೈದ್ಯರೇ ಇಲ್ಲವಾದರೇ ಎಂದು ಕೇಳುತ್ತಾನೆ (ಯೆರೆಮೀಯ 8:22). ಈ ಮಾತನ್ನು ಅನೇಕ ಪ್ರಬೋಧನೆಗಳಲ್ಲಿ ಕೇಳಿದ್ದೇವೆ. ಆದರೆ ಗಿಲ್ಯಾದ್ ಎಲ್ಲಿದೆ, ಅದು ಎಂಥ ನಾಡು ಎಂದು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಕೇಳಿದರೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಮರಳು, ಒಂಟೆ, ಒಂದೆರಡು ಖರ್ಜೂರದ ಮರ. ಕ್ರಿಸ್ಮಸ್ ಕಾರ್ಡುಗಳು ನಮಗೆ ಕಲಿಸಿದ ಭೂಗೋಳ ಇದು.

ಗಿಲ್ಯಾದ್ ಮರುಭೂಮಿಯಲ್ಲ, ಕಾಡುಬೆಟ್ಟದ ಸೀಮೆ. ಜೋರ್ಡನ್ ನದಿಯ ಪೂರ್ವಕ್ಕೆ, ಇಂದಿನ ಜೋರ್ಡನ್ ದೇಶದ ವಾಯವ್ಯ ಭಾಗದಲ್ಲಿದೆ. ಅಲ್ಲಿ ನದಿಯ ಕಣಿವೆ ಸಮುದ್ರಮಟ್ಟಕ್ಕಿಂತ 200ರಿಂದ 400 ಮೀಟರ್ ಕೆಳಗಿದ್ದರೆ, ಅಜ್ಲೂನ್ ಬೆಟ್ಟಗಳು 1200 ಮೀಟರಿಗೂ ಮೇಲೆ ಏರುತ್ತವೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದು, ಹುಲೇಕಲ್ ಕಡೆ ಹೋಗುವವರಿಗೆ ಈ ಏರು ಏನೆಂದು ವಿವರಿಸಬೇಕಾಗಿಲ್ಲ. ಅರಬ್ಬೀ ಸಮುದ್ರದ ಮೋಡಗಳನ್ನು ಸಹ್ಯಾದ್ರಿ ತಡೆಯುವಂತೆ ಮೆಡಿಟರೇನಿಯನ್ ಕಡೆಯಿಂದ ಬರುವ ಚಳಿಗಾಲದ ಮೋಡಗಳನ್ನು ಗಿಲ್ಯಾದಿನ ಪಶ್ಚಿಮ ಮುಖ ತಡೆಯುತ್ತದೆ. ಮಳೆ ನಮ್ಮಷ್ಟಿಲ್ಲ, ನಮ್ಮದರ ಕಾಲು ಭಾಗವಾದರೆ ಹೆಚ್ಚು. ಆದರೂ ಓಕ್, ಪೈನ್ ಮರಗಳಿಗೂ ದನ-ಆಡುಗಳ ಮೇವಿಗೂ ಅದು ಸಾಕು. ರೂಬೇನ್ ಮತ್ತು ಗಾದ್ ಕುಲದವರು ಮೇವು ಕಂಡೇ ಈ ನಾಡನ್ನು ಕೇಳಿ ಪಡೆದರು (ಸಂಖ್ಯಾಕಾಂಡ 32). ನಮ್ಮ ಬೇಡ್ತಿ ನದಿ ಬೆಟ್ಟ ಸೀಳಿಕೊಂಡು ಇಳಿಯುವಂತೆ ಯಬ್ಬೋಕ್ ನದಿ ಗಿಲ್ಯಾದನ್ನು ಎರಡಾಗಿ ಸೀಳಿ ಜೋರ್ಡನ್ ಸೇರುತ್ತದೆ. ಯಕೋಬ ರಾತ್ರಿಯಿಡೀ ದೇವರೊಡನೆ ಹೋರಾಡಿದ್ದು ಇದೇ ಯಬ್ಬೋಕಿನ ಹಾಯ್ಗಡದಲ್ಲಿ. ಅಬ್ಷಾಲೋಮನ ತಲೆ ಮರದ ಕೊಂಬೆಗೆ ಸಿಕ್ಕಿಕೊಂಡದ್ದೂ ಈ ಸೀಮೆಯ ಕಾಡಿನಲ್ಲಿ. ಆ ದಿನ ಕತ್ತಿಗಿಂತ ಕಾಡಿಗೆ ಬಲಿಯಾದವರೇ ಹೆಚ್ಚು ಎನ್ನುತ್ತದೆ ಸಮುವೇಲನ ಎರಡನೆಯ ಗ್ರಂಥ.

ಹೆಸರಿನ ಕಥೆ ಆದಿಕಾಂಡದ 31ನೇ ಅಧ್ಯಾಯದಲ್ಲಿದೆ. ಹೇಳದೆ ಕೇಳದೆ ಹೊರಟುಬಂದ ಯಕೋಬನನ್ನು ಲಾಬಾನ ಬೆನ್ನಟ್ಟಿ ಹಿಡಿದದ್ದು ಗಿಲ್ಯಾದಿನಲ್ಲಿ. ಲಾಬಾನ ಅವನಿಗೆ ಸೋದರಮಾವನೂ ಹೌದು, ಹೆಣ್ಣು ಕೊಟ್ಟ ಮಾವನೂ ಹೌದು. ಜಗಳ ಮುಗಿಸಿ ಇಬ್ಬರೂ ಕಲ್ಲು ರಾಶಿ ಹಾಕಿದರು, ಅದರ ಬಳಿಯೇ ಊಟ ಮಾಡಿದರು, ಕೇಡು ಬಗೆದು ಈ ರಾಶಿಯನ್ನು ದಾಟುವುದಿಲ್ಲವೆಂದು ಒಬ್ಬರಿಗೊಬ್ಬರು ಮಾತು ಕೊಟ್ಟರು. ಆ ರಾಶಿಗೆ ಗಲೇದ್, ಅಂದರೆ ಸಾಕ್ಷಿಯ ರಾಶಿ ಎಂದು ಹೆಸರಾಯಿತು. ತೋಟದ ಗಡಿಕಲ್ಲಿಗಾಗಿ ಅಣ್ಣತಮ್ಮಂದಿರೇ ಕೋರ್ಟಿಗೆ ಅಲೆಯುವ ನಮ್ಮ ಕಡೆ, ಗಡಿಕಲ್ಲಿನ ಬಳಿ ಕೂತು ಉಂಡವರ ಕಥೆ ಸ್ವಲ್ಪ ವಿಚಿತ್ರವಾಗಿಯೇ ಕೇಳಿಸುತ್ತದೆ.

ಇನ್ನು ಲೇಪ. ಇದು ಮರದ ಅಂಟು. ನಮ್ಮ ಕಾಡಿನಲ್ಲಿ ಹಾಲುಮಡ್ಡಿ, ರಾಳಧೂಪ ತೆಗೆಯುವವರಿಗೆ ಗೊತ್ತಿರುವ ಕೆಲಸವೇ: ತೊಗಟೆಗೆ ಕಚ್ಚು ಹಾಕಬೇಕು, ಒಸರಿದ್ದು ಗಟ್ಟಿಯಾದ ಮೇಲೆ ಕೆತ್ತಿ ತೆಗೆಯಬೇಕು, ಆಸೆಬಿದ್ದು ಹೆಚ್ಚು ಕಚ್ಚಿದರೆ ಮರ ಸಾಯುತ್ತದೆ. ಗಾಯಕ್ಕೆ ಹಚ್ಚುವ ಮದ್ದು ಮರದ ಗಾಯದಿಂದಲೇ ಬರುತ್ತದೆ ಎಂಬುದನ್ನು ಉಪದೇಶಿಗಳು ಮಕ್ಕಳಿಗೆ ಹೇಳಬಹುದು. ಗಿಲ್ಯಾದಿನ ಮರ ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಮುಗಿದಿಲ್ಲ. ಜುದೇಯದ ಮರುಭೂಮಿಯ ಗುಹೆಯೊಂದರಲ್ಲಿ 1980ರ ದಶಕದಲ್ಲಿ ಸಿಕ್ಕಿದ ಸುಮಾರು ಸಾವಿರ ವರ್ಷ ಹಳೆಯ ಬೀಜವೊಂದನ್ನು 2010ರಲ್ಲಿ ನೆಟ್ಟರು. ಅದು ಮೊಳೆತು ಮರವಾಯಿತು. ಅದು ನಮ್ಮ ಗುಗ್ಗುಳದ ಕುಲಕ್ಕೆ ಸೇರಿದ್ದು, ಬೈಬಲಿನ ಲೇಪ ಇಂಥ ಮರದಿಂದ ಬಂದಿರಬಹುದು ಎಂದು ಸಂಶೋಧಕರು 2024ರಲ್ಲಿ ಪ್ರಕಟಿಸಿದರು.

ಲೇಪ ಬೈಬಲಿನಲ್ಲಿ ಮೊದಲು ಕಾಣಿಸಿಕೊಳ್ಳುವ ಸಂದರ್ಭವನ್ನು ಮಾತ್ರ ನಾವು ಗಮನಿಸುವುದು ಕಡಿಮೆ. ಆದಿಕಾಂಡ 37ರಲ್ಲಿ ಇಷ್ಮಾಯೇಲ್ಯ ವರ್ತಕರು ಗಿಲ್ಯಾದಿನಿಂದ ಅಂಟು, ಲೇಪ, ಸುಗಂಧದ್ರವ್ಯಗಳನ್ನು ಒಂಟೆಗಳ ಮೇಲೆ ಹೇರಿಕೊಂಡು ಈಜಿಪ್ಟಿಗೆ ಹೊರಟಿದ್ದಾರೆ. ಅವರಿಗೇ ಅಣ್ಣಂದಿರು ಜೋಸೆಫನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರುತ್ತಾರೆ. ಗಾಯ ಮಾಯಿಸುವ ಮದ್ದೂ ಗುಲಾಮನಾದ ಹುಡುಗನೂ ಒಂದೇ ಸಾಲಿನಲ್ಲಿ, ಒಂದೇ ಸಂತೆಗೆ ಹೋದರು. ವರ್ಷಗಳ ನಂತರ ಬರಗಾಲ ಬಂದಾಗ ಯಕೋಬ ಈಜಿಪ್ಟಿನ ಅಧಿಕಾರಿಗೆ ಕಾಣಿಕೆಯೆಂದು ಅದೇ ಲೇಪವನ್ನು ಕಳುಹಿಸುತ್ತಾನೆ (ಆದಿಕಾಂಡ 43:11). ಆ ಅಧಿಕಾರಿ ತನ್ನ ಮಗನೆಂದು ಅವನಿಗೆ ಗೊತ್ತಿಲ್ಲ.

ಯಲ್ಲಾಪುರ, ಹಳಿಯಾಳ ಕಡೆಯ ನಮಗೆ ಇದು ದೂರದ ಕಥೆಯಲ್ಲ. ವ್ಯಾಪಾರದ ಸರಕಿನೊಂದಿಗೆ ಪೋರ್ಚುಗೀಸ್ ಹಡಗುಗಳಲ್ಲಿ ಆಫ್ರಿಕಾದಿಂದ ಗೋವೆಗೆ ಬಂದ ಗುಲಾಮರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಈ ಘಟ್ಟದ ಕಾಡು ಸೇರಿದರು. ಅವರ ಸಂತತಿಯೇ ಇಂದಿನ ಸಿದ್ದಿಗಳು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರ ಪೂರ್ವಜರನ್ನು ಆಳಾಗಿ ಇಟ್ಟುಕೊಂಡ ಒಡೆಯರಲ್ಲಿ ನಮ್ಮದೇ ವಿಶ್ವಾಸದವರೂ ಇದ್ದರೆಂಬುದನ್ನು ಮರೆಮಾಡಬೇಕಾಗಿಲ್ಲ. ಗುಲಾಮರಿಗೆ ಆಶ್ರಯ ಸಿಕ್ಕಿದ್ದು ಕಾಡಿನಲ್ಲಿ.

ಗಿಲ್ಯಾದ್ ಕೂಡ ಅಂಥದೇ ನಾಡು. ಕೈತಪ್ಪಿ ಕೊಲೆಯಾದರೆ ಓಡಿಹೋಗಿ ಜೀವ ಉಳಿಸಿಕೊಳ್ಳಲು ಗೊತ್ತುಮಾಡಿದ ಆಶ್ರಯ ನಗರಗಳಲ್ಲಿ ಗಿಲ್ಯಾದಿನ ರಾಮೋತ್ ಒಂದು (ಯೆಹೋಶುವ 20:8). ಅಣ್ಣತಮ್ಮಂದಿರು ಮನೆಯಿಂದ ಅಟ್ಟಿದ ಯೆಪ್ತಾಹ ಗಿಲ್ಯಾದಿನವನು, ಅರಸನ ಎದುರು ನಿಂತ ಎಲೀಯನೂ ಅಲ್ಲಿಯವನೇ. ಹಾಗೆಂದು ಅದನ್ನು ಪುಣ್ಯಭೂಮಿ ಮಾಡಿ ಹಾಡಿ ಹೊಗಳುವಂತಿಲ್ಲ. ಅದೇ ಯೆಪ್ತಾಹನ ಜನ ಜೋರ್ಡನ್ ಹಾಯ್ಗಡಗಳನ್ನು ಹಿಡಿದು ನಿಂತು, ದಾಟಲು ಬಂದವರಿಂದ ‘ಷಿಬ್ಬೋಲೆತ್’ ಎಂಬ ಪದ ಹೇಳಿಸಿದರು. ‘ಸಿಬ್ಬೋಲೆತ್’ ಎಂದವನು ಎಫ್ರಯಿಮಿನವನೆಂದು ಗೊತ್ತಾಗಿ ಸತ್ತ. ನ್ಯಾಯಸ್ಥಾಪಕರ ಗ್ರಂಥ ಕೊಡುವ ಲೆಕ್ಕ 42,000. ಹೊಶೇಯ ಪ್ರವಾದಿ ಗಿಲ್ಯಾದಿನಲ್ಲಿ ರಕ್ತದ ಹೆಜ್ಜೆಗಳನ್ನೇ ಕಂಡ. ವಾಚನ ಓದಲು ಬಂದವರ ಕನ್ನಡ ಕೇಳಿ ಹಿಂದಿನ ಬೆಂಚಿನಲ್ಲಿ ನಗುವವರು ಈ 12ನೇ ಅಧ್ಯಾಯವನ್ನು ಒಮ್ಮೆ ಓದಿದರೆ ಒಳ್ಳೆಯದು.

ಗಿಲ್ಯಾದಿನವರಲ್ಲಿ ನನಗೆ ಹೆಚ್ಚು ಹಿಡಿಸುವವನು ಬರ್ಜಿಲ್ಲೈ. ಮಗನ ದಂಗೆಗೆ ಹೆದರಿ ದಾವೀದ ಅರಸ ಜೋರ್ಡನ್ ದಾಟಿ ಮಹನಯಿಮಿಗೆ ಬಂದಾಗ, ಈ ಮುದುಕ ಇನ್ನಿಬ್ಬರೊಡನೆ ಹಾಸಿಗೆ, ಬೋಗುಣಿ, ಮಡಕೆ, ಗೋದಿ, ಜವೆಗೋದಿ, ಹುರಿದ ಕಾಳು, ಅವರೆ, ಬೇಳೆ, ಜೇನು, ಬೆಣ್ಣೆ, ಕುರಿ ಎಲ್ಲ ಹೊರಿಸಿಕೊಂಡು ಬಂದ. ಕಾಡಿನಲ್ಲಿ ಬಂದವರಿಗೆ ಹಸಿವು, ದಣಿವು, ಬಾಯಾರಿಕೆ ಇರುತ್ತದೆಂದು ಅವನಿಗೆ ಗೊತ್ತಿತ್ತು. ಗೆದ್ದ ಮೇಲೆ ಅರಸ ಅವನನ್ನು ಜೆರುಸಲೇಮಿಗೆ ಕರೆದ. ಬರ್ಜಿಲ್ಲೈ ಒಪ್ಪಲಿಲ್ಲ. ತನಗೆ 80 ತುಂಬಿದೆ, ಊಟದ ರುಚಿ ತಿಳಿಯದು, ಹಾಡು ಕೇಳಿಸದು, ತಂದೆತಾಯಿಯ ಸಮಾಧಿ ಇರುವ ಊರಲ್ಲೇ ಸಾಯುತ್ತೇನೆ ಎಂದು ನದಿಯವರೆಗೆ ಬಂದು ಬೀಳ್ಕೊಟ್ಟು ಹಿಂದಿರುಗಿದ.