ಕೋವರ್ಕಿಂಗ್ ತಾಣಗಳ ವಿಮೆ

ಕೋವರ್ಕಿಂಗ್ ತಾಣಗಳ ವಿಮೆ ಎಂಬುದು ಹಲವು ಉದ್ಯಮಗಳು ಹಾಗೂ ವ್ಯಕ್ತಿಗಳು ಹಂಚಿಕೊಂಡು ಬಳಸುವ ಕಚೇರಿಗಳಲ್ಲಿ ಸಂಭವಿಸಬಹುದಾದ ಆಸ್ತಿನಷ್ಟ, ಕಳವು ಮತ್ತು ಕಾನೂನಾತ್ಮಕ ಹೊಣೆಗಾರಿಕೆಗಳಿಗಾಗಿ ಪಡೆಯುವ ವಿಮೆಗಳ ಒಟ್ಟು ಹೆಸರು. ಸಾಮಾನ್ಯವಾಗಿ ಇದು ಒಂದೇ ಪಾಲಿಸಿಯಲ್ಲ. ಕಟ್ಟಡದ ಮಾಲೀಕರು, ತಾಣವನ್ನು ನಡೆಸುವ ಸಂಸ್ಥೆ ಮತ್ತು ಸದಸ್ಯರು ತಮ್ಮ ತಮ್ಮ ಪಾಲಿನ ವಿಮೆಯನ್ನು ಪ್ರತ್ಯೇಕವಾಗಿ ಮಾಡಿಸಬೇಕಾಗುತ್ತದೆ. ಸದಸ್ಯರ ಸ್ವಂತ ವಸ್ತುಗಳು ಯಾರ ಪಾಲಿಸಿಯಲ್ಲಿಯೂ ಸೇರದೆ ಉಳಿಯುವುದು ಈ ವ್ಯವಸ್ಥೆಯ ಮುಖ್ಯ ತೊಡಕು.

ಹಿನ್ನೆಲೆ

ಇಂದಿನ ಅರ್ಥದ ಕೋವರ್ಕಿಂಗ್ 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರಾಡ್ ನ್ಯೂಬರ್ಗ್ ಅವರಿಂದ ಆರಂಭವಾಯಿತೆಂದು ಹೇಳಲಾಗುತ್ತದೆ. ಭಾರತದಲ್ಲಿ ಬೆಂಗಳೂರು ಇದರ ಪ್ರಮುಖ ಕೇಂದ್ರಗಳಲ್ಲೊಂದು.

ಸದಸ್ಯರ ಕಾನೂನು ಸ್ಥಾನ

1882ರ ಆಸ್ತಿ ವರ್ಗಾವಣೆ ಕಾಯ್ದೆಯ 105ನೇ ಸೆಕ್ಷನ್ನಿನಂತೆ ಗುತ್ತಿಗೆದಾರನಿಗೆ ಸ್ಥಳವನ್ನು ಅನುಭವಿಸುವ ಹಕ್ಕು ವರ್ಗವಾಗುತ್ತದೆ. ಕೋವರ್ಕಿಂಗ್ ಸದಸ್ಯತ್ವವಾದರೋ ಬಹುತೇಕ ಅದೇ ವರ್ಷದ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಸೆಕ್ಷನ್ ವಿವರಿಸುವ ಪರವಾನಗಿಯ ಸ್ವರೂಪದ್ದು. ಅಂದರೆ ಬಳಕೆಗೆ ದೊರೆತ ಅನುಮತಿ ಮಾತ್ರ. ಮೇಜು, ಕುರ್ಚಿ, ಹವಾನಿಯಂತ್ರಕಗಳು ಸಂಸ್ಥೆಯವು, ಲ್ಯಾಪ್‌ಟಾಪ್ ಸದಸ್ಯರದು. ಇತರರ ವಸ್ತುಗಳನ್ನು ಸ್ಪಷ್ಟವಾಗಿ ನಮೂದಿಸದಿದ್ದರೆ ಸಂಸ್ಥೆಯ ಅಗ್ನಿ ವಿಮೆಯು ಸಾಮಾನ್ಯವಾಗಿ ಅವುಗಳಿಗೆ ಅನ್ವಯಿಸುವುದಿಲ್ಲ.

ಸಣ್ಣ ಉದ್ಯಮಗಳಿಗಾಗಿ 2021ರ ಏಪ್ರಿಲ್ 1ರಿಂದ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಪ್ರಮಾಣಿತ ಪಾಲಿಸಿ ಜಾರಿಯಲ್ಲಿದೆ. ಒಂದು ಸ್ಥಳದಲ್ಲಿನ ಆಸ್ತಿಯ ಮೌಲ್ಯ 5 ಕೋಟಿ ರೂಪಾಯಿಗಳವರೆಗೆ ಇರುವವರು ಇದನ್ನು ಪಡೆಯಬಹುದು.

ಕಳವು ಮತ್ತು ಕನ್ನಗಳವು

ವಿಮೆಯ ಭಾಷೆಯಲ್ಲಿ ಇವೆರಡೂ ಒಂದೇ ಅಲ್ಲ. ಕನ್ನಗಳವಿನ ಪಾಲಿಸಿಗಳು ಸಾಮಾನ್ಯವಾಗಿ ಬಲಪ್ರಯೋಗದಿಂದ ಒಳನುಗ್ಗಿ ಮಾಡಿದ ಕಳವಿಗೆ ಮಾತ್ರ ಪರಿಹಾರ ನೀಡುತ್ತವೆ. ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಮತ್ತು ಹರ್‌ಚಂದ್ ರಾಯ್ ಚಂದನ್ ಲಾಲ್ ನಡುವಿನ ಪ್ರಕರಣದಲ್ಲಿ 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪಾಲಿಸಿಯ ಪದಗಳನ್ನು ಇದ್ದಂತೆಯೇ ಓದಬೇಕೆಂದು ಹೇಳಿ, ಬಲಪ್ರಯೋಗವಿಲ್ಲದ ಕಳವು ಅದರಡಿ ಬರುವುದಿಲ್ಲವೆಂದು ತೀರ್ಪು ನೀಡಿತು. ಆ ಪ್ರಕರಣ ಗೋದಾಮಿನದಾದರೂ ಹಂಚಿಕೆಯ ಕಚೇರಿಗೆ ಅದರ ಪರಿಣಾಮ ಇನ್ನೂ ತೀಕ್ಷ್ಣ. ಇಲ್ಲಿ ಕಳ್ಳನು ಬೀಗ ಮುರಿಯಬೇಕಾದ ಅಗತ್ಯವೇ ಇಲ್ಲ. ಪ್ರವೇಶ ಕಾರ್ಡ್ ಹೊಂದಿದ ಅಪರಿಚಿತರು ದಿನವಿಡೀ ಓಡಾಡುತ್ತಿರುತ್ತಾರೆ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮೇಜಿನ ಮೇಲಿನ ಲ್ಯಾಪ್‌ಟಾಪ್ ಕಾಣೆಯಾದರೆ ಕನ್ನಗಳವಿನ ಪಾಲಿಸಿ ಉಪಯೋಗಕ್ಕೆ ಬಾರದಿರಬಹುದು. ಆದ್ದರಿಂದ ಸಾಮಾನ್ಯ ಕಳವನ್ನೂ ಸೇರಿಸಿಕೊಂಡ ಪಾಲಿಸಿಯನ್ನು ಅಥವಾ ಒಯ್ಯಬಹುದಾದ ವಿದ್ಯುನ್ಮಾನ ಉಪಕರಣಗಳ ವಿಮೆಯನ್ನು ಪಡೆಯುವುದು ಸೂಕ್ತ. ಅವುಗಳಲ್ಲಿಯೂ ಗಮನವಿಲ್ಲದೆ ಬಿಟ್ಟ ವಸ್ತುವನ್ನು ಹೊರಗಿಡುವ ಷರತ್ತು ಇದೆಯೇ ಎಂಬುದನ್ನು ನೋಡಬೇಕಾಗುತ್ತದೆ.

ಹೊಣೆಗಾರಿಕೆ

ಅತಿಥಿಯೊಬ್ಬರು ಒದ್ದೆ ನೆಲದಲ್ಲಿ ಜಾರಿ ಬಿದ್ದರೆ ಸಂಸ್ಥೆಯ ಸಾರ್ವಜನಿಕ ಹೊಣೆಗಾರಿಕೆ ವಿಮೆ ಅನ್ವಯಿಸಬಹುದು. ಹೆಸರಿನಲ್ಲಿ ಹೋಲಿಕೆಯಿದ್ದರೂ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಗೂ ಇದಕ್ಕೂ ಸಂಬಂಧವಿಲ್ಲ. ಆ ಕಾಯ್ದೆ ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವವರಿಗೆ ಸಂಬಂಧಿಸಿದ್ದು. ಸದಸ್ಯರ ಅಜಾಗರೂಕತೆಯಿಂದ ಬೆಂಕಿ ಹೊತ್ತಿದರೆ ವಿಮಾ ಕಂಪನಿಯು ಸಂಸ್ಥೆಗೆ ಪರಿಹಾರ ಕೊಟ್ಟು, ಅದರ ಸ್ಥಾನದಲ್ಲಿ ನಿಂತು ಆ ಸದಸ್ಯರಿಂದ ಹಣ ವಸೂಲು ಮಾಡಲು ಮುಂದಾಗಬಹುದು. ಇದನ್ನು ಸಬ್ರೊಗೇಷನ್ ಎನ್ನುತ್ತಾರೆ. ಈ ಹಕ್ಕನ್ನು ಬಿಟ್ಟುಕೊಡುವ ಷರತ್ತನ್ನು ಪಾಲಿಸಿಯಲ್ಲಿ ಸೇರಿಸಲು ಅವಕಾಶವಿದೆ. ಒಂದೇ ವೈಫೈ ಜಾಲದ ಮೂಲಕ ಆಗುವ ದತ್ತಾಂಶ ಸೋರಿಕೆಗೆ ಪ್ರತ್ಯೇಕ ಸೈಬರ್ ವಿಮೆ ಬೇಕು.

ದೂರು

ವೈಯಕ್ತಿಕ ಪಾಲಿಸಿದಾರರು, ಏಕವ್ಯಕ್ತಿ ಮಾಲೀಕತ್ವದ ಉದ್ಯಮಗಳು ಮತ್ತು ಸೂಕ್ಷ್ಮ ಉದ್ಯಮಗಳು ಪರಿಹಾರ ನಿರಾಕರಣೆಯ ವಿರುದ್ಧ ಮೊದಲು ವಿಮಾ ಕಂಪನಿಗೂ ನಂತರ ವಿಮಾ ಒಂಬುಡ್ಸ್‌ಮನ್‌ಗೂ ದೂರು ಸಲ್ಲಿಸಬಹುದು. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನಲ್ಲಿದೆ.