ಘಟ್ಟವನ್ನು ಕೆಳಗಿನಿಂದ ಹತ್ತಿ

ಕುಮಾರ ಪರ್ವತಕ್ಕೆ ಎರಡು ದಾರಿ. ಸೋಮವಾರಪೇಟೆ ಕಡೆಯ ಬೀಡಳ್ಳಿಯಿಂದ ಹೊರಟರೆ ಏಳು ಕಿಲೋಮೀಟರ್ ಆಸುಪಾಸು. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟರೆ ಹೆಚ್ಚುಕಡಿಮೆ ಅದರ ಎರಡರಷ್ಟು. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಮೊದಲನೆಯದರ ಪಕ್ಷ. “ತುದಿ ಒಂದೇ ಅಲ್ವಾ ಚಿಕ್ಕಮ್ಮ, ಯಾವ ಕಡೆಯಿಂದ ಹತ್ತಿದ್ರೆ ಏನು?” ಎನ್ನುತ್ತಾನೆ. ನಾನು ಸುಳ್ಯದ ಕಡೆಯ ಅಡಿಕೆ ತೋಟದವಳು, ಘಟ್ಟದ ಕೆಳಗೆ ಹುಟ್ಟಿ ಬೆಳೆದವಳು. ನನ್ನ ಪಕ್ಷ ಯಾವುದೆಂದು ಹೇಳಬೇಕಾಗಿಲ್ಲ. ಆದರೆ ನನ್ನ ಹಟಕ್ಕೆ ಊರಿನ ಅಭಿಮಾನವೊಂದೇ ಕಾರಣವಲ್ಲ.

ಬೀಡಳ್ಳಿಯೆಂದರೆ ಆಗಲೇ ಘಟ್ಟದ ಮೇಲು. ಅರ್ಧಕ್ಕಿಂತ ಹೆಚ್ಚು ಎತ್ತರವನ್ನು ಜೀಪೋ ಬಸ್ಸೋ ಹತ್ತಿಸಿ ಮುಗಿಸಿರುತ್ತದೆ. ಕುಕ್ಕೆ ಇರುವುದು ಸಮುದ್ರಮಟ್ಟದಿಂದ 100–150 ಮೀಟರ್ ಎತ್ತರದಲ್ಲಿ, ಪರ್ವತದ ತುದಿ 1,712 ಮೀಟರಿನಲ್ಲಿ. ನಡುವಿನ ಒಂದೂವರೆ ಸಾವಿರ ಮೀಟರನ್ನು ಪೂರ್ತಿ ಕಾಲಿನಲ್ಲೇ ಏರುವ ಅವಕಾಶ ಕರ್ನಾಟಕದಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ. ಘಟ್ಟ ಅಂದರೇನು ಎಂಬುದು ತಿಳಿಯುವುದೂ ಹಾಗೆ ಏರಿದಾಗಲೇ.

ತಪತಿ ನದಿಯ ಕಡೆಯಿಂದ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿಲೋಮೀಟರ್ ಹಬ್ಬಿರುವ ಈ ಸಾಲು ಹಿಮಾಲಯದ ಹಾಗೆ ನೆಲಕ್ಕೆ ನೆಲ ಡಿಕ್ಕಿ ಹೊಡೆದು ಮಡಿಚಿ ಎದ್ದದ್ದಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬಿಟ್ಟುಹೋಯಿತು. ಆಗ ಒಡೆದ ಪ್ರಸ್ಥಭೂಮಿಯ ಅಂಚನ್ನು ಮಳೆ, ಹೊಳೆಗಳು ಕೊರೆಯುತ್ತಾ ಬಂದು ಈಗಿನ ರೂಪ ಕೊಟ್ಟಿವೆ. ಮನೆಯೊಳಗಿನಿಂದ ಬಂದವರಿಗೆ ಜಗಲಿ ಬರೀ ನೆಲ, ಅಂಗಳದಲ್ಲಿ ನಿಂತವರಿಗೆ ಮಾತ್ರ ಅದರ ಎತ್ತರ ಕಾಣುತ್ತದೆ. ಹಾಸನದ ಕಡೆಯಿಂದ ಬರುವವರಿಗೆ ಸಹ್ಯಾದ್ರಿ ನಾಲ್ಕು ಗುಡ್ಡಗಳ ಹಾಗೆ ಕಂಡರೆ ಅದರಲ್ಲಿ ಅವರ ತಪ್ಪೇನೂ ಇಲ್ಲ.

ಕುಕ್ಕೆಯಿಂದ ಹೊರಟ ಮೊದಲ ಎರಡು ತಾಸು ದಟ್ಟ ಕಾಡು. ಫೋಟೋಕ್ಕೆ ಏನೂ ಸಿಗುವುದಿಲ್ಲ. ಬೆಳಿಗ್ಗೆ ಏಳಕ್ಕೇ ಅಂಗಿ ಬೆನ್ನಿಗೆ ಅಂಟುತ್ತದೆ, ಗಾಳಿಯ ಸುಳಿವಿಲ್ಲ, ದಾರಿಯ ತುಂಬ ಮರದ ಬೇರು. ಆದರೆ ಇಡೀ ಚಾರಣದಲ್ಲಿ ನಾನು ತೀರ ನಿಧಾನಕ್ಕೆ ನಡೆಯುವುದು ಇಲ್ಲೇ. ಧೂಪ, ಹೆಬ್ಬಲಸು, ಬೈನೆ, ಕಾಡುಜಾಯಿ. ನೆತ್ತಿಯ ಮೇಲೆಲ್ಲೋ ಮಂಗಟ್ಟೆ ಹಕ್ಕಿ ಹಾರಿದರೆ ರೆಕ್ಕೆಯ ಸದ್ದು ಕೆಳಗೆ ನಿಂತವರಿಗೂ ಕೇಳುತ್ತದೆ. ಕೆಂದಳಿಲು ಒಂದು ಮರದಿಂದ ಇನ್ನೊಂದಕ್ಕೆ ಜಿಗಿದು ಕೊಂಬೆ ಅಲುಗಾಡಿಸುತ್ತದೆ. ಮಾತಾಡುತ್ತಾ ಹೋಗುವ ಗುಂಪಿಗೆ ಇವೆರಡೂ ಸಿಗುವುದಿಲ್ಲ. ಬ್ಲೂಟೂತ್ ಸ್ಪೀಕರ್ ಹಿಡಿದು ಬರುವವರ ಬಗ್ಗೆ ಏನೂ ಹೇಳದಿರುವುದೇ ಲೇಸು.

ಉಂಬಳದ ಬಗ್ಗೆ ಒಂದು ಮಾತು. ಮಳೆಗಾಲ ಮುಗಿದ ಹೊಸತರಲ್ಲಿ ಹೋದರೆ ಅದು ಕಚ್ಚಿಯೇ ಕಚ್ಚುತ್ತದೆ. ಒಣಗೆಲೆಯ ಮೇಲೆ ಹಿಂದಿನ ತುದಿಯನ್ನು ಊರಿ, ಮುಂದಿನದನ್ನು ಎತ್ತಿ, ನೂಲಿನಷ್ಟು ಸಪೂರ ಮೈಯನ್ನು ಗಾಳಿಯಲ್ಲಿ ಆಡಿಸುತ್ತಾ ಕಾದಿರುತ್ತದೆ. ನಮ್ಮ ಹೆಜ್ಜೆಯ ಅದುರು, ಮೈಯ ಬಿಸಿ ತಗುಲಿದ್ದೇ ನಮ್ಮ ದಿಕ್ಕಿಗೆ ಅಳೆಯುತ್ತಾ ಬರುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಬಿಡುವ ರಸದಿಂದಾಗಿ ಅದು ಬಿದ್ದುಹೋದ ಮೇಲೂ ಗಾಯ ಸೋರುತ್ತಿರುತ್ತದೆ. ಹೆದರುವಂಥದ್ದೇನಿಲ್ಲ, ಕಿತ್ತೆಳೆಯಬೇಡಿ ಅಷ್ಟೆ. ಉಪ್ಪಿನ ಪೊಟ್ಟಣ ಜೊತೆಗಿರಲಿ. ತೋಟದ ಕೆಲಸದವರು ಹೊಗೆಸೊಪ್ಪು, ಸುಣ್ಣ ಕಲಸಿ ಕಾಲಿಗೆ ಹಚ್ಚುತ್ತಾರೆ, ನಾನೂ ಅದನ್ನೇ ಹಚ್ಚುವುದು.

ಕಾಡು ಮುಗಿಯುವಲ್ಲಿ ಗಿರಿಗದ್ದೆಯ ಭಟ್ಟರ ಮನೆ. ಗುಡ್ಡದ ನಡುವೆ ಒಂಟಿ ಮನೆ, ಸುತ್ತ ಒಂದಿಷ್ಟು ತೋಟ. ಚಾರಣಿಗರಿಗೆ ಇಲ್ಲಿ ಬಹಳ ವರ್ಷದಿಂದ ಊಟ ಸಿಗುತ್ತದೆ: ಅನ್ನ, ಸಾಂಬಾರು, ಉಪ್ಪಿನಕಾಯಿ, ಮಜ್ಜಿಗೆ. ಒಮ್ಮೆ ನನ್ನ ಜೊತೆ ಬಂದು ಎರಡನೇ ಸಲ ಅನ್ನ ಹಾಕಿಸಿಕೊಂಡ ಅಕ್ಕನ ಮಗನನ್ನು ನೋಡಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು “ಮೆಲ್ಲ ಮಾರಾಯ್ರೆ, ಅಸಲು ಗುಡ್ಡ ಇನ್ನು ಸುರು ಆಗುವುದಷ್ಟೆ” ಎಂದರು. ನಿಜ. ಮುಂದೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟು, ಅದು ದಾಟಿದರೆ ನೆರಳಿಲ್ಲ.

ಇಲ್ಲಿಂದ ಮೇಲೆ ಹುಲ್ಲುಗಾವಲು, ಕಣಿವೆಯ ಮಡಿಲುಗಳಲ್ಲಿ ಮಾತ್ರ ಶೋಲಾ ಕಾಡು. ನೀರು ನಿಲ್ಲುವಲ್ಲಿ, ಮಣ್ಣು ಆಳವಿರುವಲ್ಲಿ ಮರ. ಗಾಳಿ ಬೀಸುವ ತೆಳುಮಣ್ಣಿನ ನೆತ್ತಿಯಲ್ಲಿ ಹುಲ್ಲು. ಕಾಡು ಕಡಿದು ಬೋಳಾದ ಗುಡ್ಡ ಇದು ಎಂದು ತಿಳಿಯುವವರಿದ್ದಾರೆ. ಹಾಗಲ್ಲ, ಈ ಎತ್ತರದ ಘಟ್ಟ ಇರುವುದೇ ಹೀಗೆ. ಮಳೆ ನೀರನ್ನು ಹಿಡಿದಿಟ್ಟು ತಡವಾಗಿ ಬಿಟ್ಟುಕೊಡುವುದರಲ್ಲಿ ಹುಲ್ಲಿಗೂ ಕಾಡಿನಷ್ಟೇ ಪಾಲಿದೆ. ಬೇಸಗೆಯಲ್ಲಿ ಯಾರೋ ಎಸೆದ ಬೀಡಿಯ ತುಂಡು ಸುಡುವುದು ಅದನ್ನೇ.

ನಾಲ್ಕು ಕಂಬ, ಮೇಲೊಂದು ಚಪ್ಪಡಿಯ ಕಲ್ಲುಮಂಟಪದಲ್ಲಿ ಕೂತು, ಹತ್ತಿರದ ಒರತೆಯಲ್ಲಿ ಬಾಟಲಿ ತುಂಬಿಸಿಕೊಂಡರೆ ಮುಂದಿನದು ಶೇಷಪರ್ವತ. ಒಂದು ಬದಿಗೆ ನೇರ ಪ್ರಪಾತ. ನನ್ನ ವಾದಕ್ಕೆ ಸಾಕ್ಷಿ ಸಿಗುವುದು ಈ ನೆತ್ತಿಯಲ್ಲಿ. ಮಧ್ಯಾಹ್ನದ ಹೊತ್ತು ಕಡಲ ಕಡೆಯ ಗಾಳಿ ಕಣಿವೆಯಿಂದ ಮೇಲೇರಿ ಬರುತ್ತದೆ. ಬರಿಗಾಳಿಯಾಗಿ ಹೊರಟದ್ದು ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ತಣಿದು ಬೆಳ್ಳಗಾಗಿ ನಮ್ಮ ಕಾಲ ಬುಡದಿಂದ ಮಂಜಾಗಿ ಏಳುತ್ತದೆ. ಮುಖಕ್ಕೆ ಸಣ್ಣ ಹನಿ ಸಿಡಿಸಿ, ನೆತ್ತಿ ದಾಟಿ ಪೂರ್ವಕ್ಕೆ ಇಳಿಯುತ್ತಿದ್ದಂತೆ ಕರಗುತ್ತದೆ. ಮಳೆಗಾಲದಲ್ಲಿ ಇದೇ ದೊಡ್ಡ ಪ್ರಮಾಣದಲ್ಲಿ ನಡೆಯುವುದರಿಂದಲೇ ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ, ಘಟ್ಟದ ಗೋಡೆಗೆ ಅಂಟಿಕೊಂಡ ಆಗುಂಬೆಗೆ ಏಳು ಸಾವಿರಕ್ಕೂ ಹೆಚ್ಚು. ಗೋಡೆಯ ಆಚೆ ಮೈಸೂರಿನ ಬಯಲಿಗೆ ಸಾವಿರವೂ ದಾಟುವುದಿಲ್ಲ. ಶಾಲೆಯಲ್ಲಿ ಇದನ್ನು ಮಳೆನೆರಳು ಎಂದು ನಕ್ಷೆ ಬರೆಸಿ ಕಲಿಸಿದ್ದರು, ಅದಕ್ಕೆ ಮೇಷ್ಟ್ರಾಗಿ ಈ ಬೆಟ್ಟವೇ ಸಾಕಿತ್ತು ಎಂದು ನನಗೆ ಎನಿಸಿದ್ದುಂಟು.

ಶೇಷಪರ್ವತದಿಂದ ಒಂದಿಷ್ಟು ಇಳಿದು, ಶೋಲಾದ ಕತ್ತಲೆ ದಾಟಿ, ನೀರು ಜಿನುಗುವ ಬಂಡೆಯನ್ನು ಕೈಯೂರಿ ಏರಿದರೆ ತುದಿ. ಪುಷ್ಪಗಿರಿ ಎಂದೂ ಇದಕ್ಕೆ ಹೆಸರು. ಸುತ್ತಲಿನ ವನ್ಯಜೀವಿಧಾಮ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಒಂದು. ತಾರಕಾಸುರನನ್ನು ಕೊಂದ ಸುಬ್ರಹ್ಮಣ್ಯ ಇಲ್ಲಿಗೆ ಬಂದ, ಆಯುಧ ತೊಳೆದ ಹೊಳೆ ಕುಮಾರಧಾರೆಯಾಯಿತು ಎಂಬುದು ಸ್ಥಳಪುರಾಣ. ನನಗೆ ಪುರಾಣದಷ್ಟೇ ಸೋಜಿಗ ನೀರಿನ ಲೆಕ್ಕಾಚಾರ. ಕುಮಾರಧಾರೆ ಕೊಡಗಿನ ಮಗ್ಗುಲಲ್ಲಿ ಹುಟ್ಟಿ, ಮಲ್ಲಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಇದೇ ಪುಷ್ಪಗಿರಿ ಬೆಟ್ಟಗಳ ಹಾರಂಗಿ ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಮಗ್ಗುಲು ಬದಲಾದರೆ ಕಡಲೇ ಬದಲು.

ಹೋಗುವವರಿಗೆ ಕೆಲವು ಮಾತು. ಮಳೆಗಾಲದಲ್ಲಿ, ಬೆಂಕಿಯ ಭಯವಿರುವ ಬೇಸಗೆಯಲ್ಲಿ ದಾರಿ ಮುಚ್ಚಿರುತ್ತದೆ. ಒಳ್ಳೆಯ ಕಾಲ ಅಕ್ಟೋಬರಿನಿಂದ ಜನವರಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಇಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳನ್ನು ನೀವೂ ನೋಡಿರಬಹುದು. ಆಮೇಲೆ ಸರ್ಕಾರ ಆನ್‌ಲೈನ್ ಟಿಕೆಟ್ ಮತ್ತು ದಿನಕ್ಕೆ ಇಷ್ಟೇ ಜನ ಎಂಬ ಮಿತಿ ತಂದಿತು. ನನ್ನ ಕೇಳಿದರೆ ತಡವಾಗಿಯಾದರೂ ಆದದ್ದು ಸರಿ. ಹೊರಡುವ ಮುನ್ನ ಆಗಿನ ನಿಯಮ ನೋಡಿಕೊಂಡೇ ಹೊರಡಿ. ವಾರದ ನಡುವೆ ರಜೆ ಹಾಕಲು ಆಗುವುದಿದ್ದರೆ ಹಾಕಿ.

ಇಳಿಯುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹತ್ತುವಾಗ ಸೋಲುವುದು ಉಸಿರು, ಇಳಿಯುವಾಗ ಮೊಣಕಾಲು. ಒಣಗಿದ ಹುಲ್ಲು ಎಣ್ಣೆ ಹಚ್ಚಿದಷ್ಟು ಜಾರುತ್ತದೆ, ಒಂದು ಕೋಲು ಇರಲಿ. ತುದಿ ಮುಟ್ಟದಿದ್ದರೂ ಮಧ್ಯಾಹ್ನ ಒಂದರ ಹೊತ್ತಿಗೆ ಹಿಂದೆ ತಿರುಗಿ, ಯಾಕೆಂದರೆ ಕೊನೆಯ ಕಾಡಿನಲ್ಲಿ ಹೊರಗಡೆಗಿಂತ ಒಂದು ತಾಸು ಮೊದಲೇ ಕತ್ತಲಾಗುತ್ತದೆ, ಆನೆ ಓಡಾಡುವ ಜಾಗವೂ ಹೌದು. ರಾತ್ರಿ ಬಸ್ಸಿಗೋ, ನೆಟ್ಟಣದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನ ರೈಲಿಗೋ ಟಿಕೆಟ್ ಮಾಡಿಸಿದವರು ಒಂದು ಜೊತೆ ಒಣ ಬಟ್ಟೆಯನ್ನು ಕುಕ್ಕೆಯ ಲಾಡ್ಜಿನಲ್ಲೇ ಬಿಟ್ಟು ಹೋಗಿ. ಕುಮಾರಧಾರೆಯ ಸ್ನಾನಘಟ್ಟದಲ್ಲಿ ಮೈ ತೊಳೆದು ಅದನ್ನು ಉಟ್ಟುಕೊಂಡೇ ಹತ್ತಿದರೆ ಪಕ್ಕದ ಸೀಟಿನವರಿಗೂ ಉಪಕಾರ.